ಜ್ವರ ಬರುತ್ತೆ, ಹೆದರಬೇಡಿ

ಮಗಳಿಗೆ ಹತ್ತನೇ ವಾರದ ಇಂಜೆಕ್ಷನ್ ಹಾಕಿಸಿದ ರಾತ್ರಿ ನಮ್ಮನೆಯಲ್ಲಿ ಯಾರೂ ಮಲಗಲಿಲ್ಲ. ನಾನು ಬೆಂಗಳೂರಲ್ಲಿ, ಹೆಂಡತಿ ಮತ್ತು ಮಗು ಬಾಣಂತನಕ್ಕೆ ಅಂತ ಮಾಯಕೊಂಡದಲ್ಲಿ. ವಿಡಿಯೋ ಕಾಲ್‌ನಲ್ಲಿ ಕಾಣುತ್ತಿದ್ದದ್ದು ಕೆಂಪಗಾದ ಪುಟ್ಟ ಮುಖ, ಕೇಳುತ್ತಿದ್ದದ್ದು ಅಳು. ಥರ್ಮಾಮೀಟರ್ 101 ತೋರಿಸುತ್ತಿತ್ತು. ತೊಡೆಯ ಮೇಲೆ ಚುಚ್ಚಿದ ಜಾಗ ಗಟ್ಟಿಯಾಗಿ ಊದಿಕೊಂಡಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಜ್ವರ ಇಳಿಯಿತು, ಮಗು ಮಲಗಿತು. ಆಮೇಲೆ ಹೆಂಡತಿ ಕಳಿಸಿದ ಮೆಸೇಜ್ ಒಂದೇ ಸಾಲು: "ಚೆನ್ನಾಗಿದ್ದ ಮಗೂಗೆ ನಾವೇ ಕೈಯಾರೆ ಜ್ವರ ಬರಿಸಿದ್ವಲ್ಲ."

ಆ ಸಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಅದು ನಿಜ. ಬೇರೆ ಎಲ್ಲ ಔಷಧಿ ಕಾಯಿಲೆ ಬಂದ ಮೇಲೆ ಕೊಡೋದು. ಲಸಿಕೆ ಮಾತ್ರ ಆಡಿಕೊಂಡಿರುವ, ಹಾಲು ಕುಡಿದು ನಗುತ್ತಿರುವ ಮಗುವಿಗೆ ಕೊಡೋದು. ಜ್ವರ ನಮ್ಮ ಕಣ್ಣೆದುರಿಗೆ ಇದೆ. ಅದು ತಡೆಯುವ ಕಾಯಿಲೆಯನ್ನು ನಾವ್ಯಾರೂ ನೋಡಿಯೇ ಇಲ್ಲ.

ಹದಿನಾಲ್ಕನೇ ವಾರದ ಡೋಸ್ ಹತ್ತಿರ ಬಂದಾಗ ಫ್ಯಾಮಿಲಿ ಗ್ರೂಪಿನಲ್ಲಿ ಚರ್ಚೆ ಶುರುವಾಯಿತು. ಒಬ್ಬರು ಒಂದು ಫಾರ್ವರ್ಡ್ ಹಾಕಿದರು. ಇನ್ನೊಬ್ಬರು "ಪ್ರೈವೇಟ್‌ನಲ್ಲಿ ಪೇನ್‌ಲೆಸ್ ಸಿಗುತ್ತಲ್ಲ" ಅಂದರು. ಮತ್ತೊಬ್ಬರು "ಎರಡು ಡೋಸ್ ಆಯ್ತಲ್ಲ, ಸಾಕು ಬಿಡಿ" ಅಂದರು. "ಸ್ವಲ್ಪ ತಡ ಮಾಡಿದ್ರೆ ಏನಾಗುತ್ತೆ?" ಅಂತ ಹೆಂಡತಿ ಕೇಳಿದಳು. ನಾನು ಡಾಕ್ಟರ್ ಅಲ್ಲ. ಹಳೇ ಕಥೆ ಓದೋ ಚಟ ಇರುವ ಒಬ್ಬ ಸಾಫ್ಟ್‌ವೇರ್ ಕೆಲಸಗಾರ. ಹಾಗಾಗಿ ನನಗೆ ಗೊತ್ತಿರುವ ಕೆಲಸ ಮಾಡಿದೆ. ನಮಗಿಂತ ಮೊದಲು ಈ ಪ್ರಶ್ನೆಯನ್ನ ಯಾರ್ಯಾರು ಕೇಳಿದ್ದರು, ಏನು ತೀರ್ಮಾನ ಮಾಡಿದರು ಅಂತ ಹುಡುಕುತ್ತಾ ಹೋದೆ. ಆ ಶನಿವಾರ ಮಾಯಕೊಂಡಕ್ಕೂ ಹೋದೆ.

*

ಮಾಯಕೊಂಡ ಗೊತ್ತಿಲ್ಲದವರಿಗೆ: ದಾವಣಗೆರೆಗೂ ಚಿಕ್ಕಜಾಜೂರಿಗೂ ನಡುವೆ ರೈಲ್ವೆ ಲೈನ್ ಮೇಲಿರುವ ಊರು. ಇತಿಹಾಸ ಪುಸ್ತಕಗಳಲ್ಲಿ ಈ ಊರಿಗೆ ಒಂದೆರಡು ಸಾಲು ಸಿಗುತ್ತೆ. 1748ರ ಸುಮಾರಿಗೆ ಇಲ್ಲಿ ದೊಡ್ಡ ಕಾಳಗ ನಡೆದು ಚಿತ್ರದುರ್ಗದ ಮದಕರಿ ನಾಯಕ ಸತ್ತ. ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರು ಎಲ್ಲ ಒಂದಾಗಿ ಬಂದಿದ್ದವು. ಅವನ ಜೊತೆ ನಿಂತಿದ್ದ ಚಂದಾ ಸಾಹೇಬನ ಮಗನೂ ಇಲ್ಲೇ ಸತ್ತ. ಆದರೆ ಈ ಊರಿನ ಮನೆಗಳಲ್ಲಿ ಕಾಳಗದ ನೆನಪು ಉಳಿದಿಲ್ಲ. ಉಳಿದಿರೋದು ಕಾಯಿಲೆಗಳ ನೆನಪು.

ಹೆಂಡತಿಯ ಅಜ್ಜಿಗೆ ಎಂಬತ್ತು ದಾಟಿದೆ. ಜಗುಲಿ ಮೇಲೆ ಕೂತು ಮರಿಮಗಳಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅವರ ತೋಳಿನ ಮೇಲೆ ಎರಡು ಗುಂಡನೆಯ ಗುರುತು ಕಂಡವು. ನಾಣ್ಯ ಒತ್ತಿದಂಗೆ, ಒಳಗೆ ತಗ್ಗು. "ಇದೇನಜ್ಜಿ?" ಅಂದೆ.

"ಮೈಲಿ ಹಾಕಿದ್ದು ಕಣಪ್ಪ. ಚಿಕ್ಕೋಳಿದ್ದಾಗ. ಕೈ ಊದ್ಕಂಡು, ಕೀವು ತುಂಬ್ಕಂಡು, ವಾರಗಟ್ಲೆ ಜ್ವರ."

"ಮತ್ತೆ ಯಾಕೆ ಹಾಕಿಸಿದ್ರು?"

ಅಜ್ಜಿ ನನ್ನನ್ನ ವಿಚಿತ್ರವಾಗಿ ನೋಡಿದರು. "ನಮ್ಮಕ್ಕಂಗೆ ಅಮ್ಮ ಬಂದು ಹೋಗಿದ್ಲಲ್ಲ" ಅಂದರು. ಹೋಗಿದ್ಲು ಅಂದ್ರೆ ಸತ್ತಿದ್ದಳು.

ನಮ್ಮ ಭಾಷೆಯಲ್ಲೇ ಈ ಇಬ್ಬಂದಿ ಇದೆ ನೋಡಿ. ಸಿಡುಬು ಬಂದರೆ "ಅಮ್ಮ ಬಂದಳು" ಅಂತಿದ್ದರು. ಉತ್ತರ ಕರ್ನಾಟಕದ ಕಡೆ ಲಸಿಕೆ ಹಾಕೋದಕ್ಕೂ "ದೇವಿ ಹಾಕೋದು" ಅಂತಲೇ ಹೆಸರು. ರೋಗವೂ ದೇವಿ, ಲಸಿಕೆಯೂ ದೇವಿ. ಸಿಡುಬು ತಗುಲಿದ ಹತ್ತು ಜನರಲ್ಲಿ ಮೂರು ಜನ ಸಾಯುತ್ತಿದ್ದರು. ಉಳಿದವರಲ್ಲಿ ಎಷ್ಟೋ ಜನರಿಗೆ ಕಲೆ, ಕೆಲವರಿಗೆ ಕುರುಡು. ಅದರ ಮುಂದೆ ಒಂದು ವಾರದ ಜ್ವರ, ಒಂದು ಕೀವಿನ ಗುಳ್ಳೆ. ಅಜ್ಜಿಯ ತಂದೆಗೆ ಲೆಕ್ಕ ಕಷ್ಟ ಆಗಿರಲಿಕ್ಕಿಲ್ಲ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಏನಿದೆ ಅಂತ ಅವರ ಮನೆಯೊಳಗೇ ಕಂಡಿತ್ತು.

*

ಆದರೆ ಮೊದಲ ಸಲ ಈ ಸೂಜಿ ಬಂದಾಗ ಲೆಕ್ಕ ಇಷ್ಟು ಸುಲಭ ಇರಲಿಲ್ಲ.

ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ಹಸುವಿನ ಸಿಡುಬಿನಿಂದ ಲಸಿಕೆ ಮಾಡಿದ್ದು 1796ರಲ್ಲಿ. ಅದು ಭಾರತಕ್ಕೆ ಬಂದಿದ್ದು 1802ರಲ್ಲಿ. ಆಗ ಫ್ರಿಜ್ ಇಲ್ಲ, ಐಸ್ ಬಾಕ್ಸ್ ಇಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚುತ್ತಾ, ಬಾಗ್ದಾದ್, ಬಸ್ರಾ ದಾಟಿಸಿ ಬೊಂಬಾಯಿಗೆ ತಂದರು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಹುಡುಗಿಗೆ ಅಲ್ಲಿ ಲಸಿಕೆ ಹಾಕಿದರು. ಅವಳ ತೋಳಿನಿಂದ ಇನ್ನೈದು ಮಕ್ಕಳಿಗೆ, ಅವರಿಂದ ಬೇರೆಯವರಿಗೆ, ಹೀಗೆ ದೇಶಕ್ಕೆಲ್ಲ ಹಬ್ಬಿತು. ಲಸಿಕೆಯ ಬಾಟಲಿ ಅಂದ್ರೆ ಆಗ ಮಕ್ಕಳ ತೋಳು.

ಈಗ ಒಬ್ಬ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಯಾರದೋ ಮಗುವಿನ ಮೈಯಿಂದ ತೆಗೆದದ್ದನ್ನ ನಿಮ್ಮ ಮಗುವಿನ ಮೈಗೆ ಹಾಕುತ್ತಾರೆ. ಯಾವ ಜಾತಿ, ಯಾವ ಮನೆ, ಆ ಮಗುವಿಗೆ ಬೇರೆ ಏನು ಕಾಯಿಲೆ ಇತ್ತು, ಏನೂ ಗೊತ್ತಿಲ್ಲ. ಎಂಟು ದಿನ ಬಿಟ್ಟು ಮತ್ತೆ ಬಂದು, ನಿಮ್ಮ ಮಗುವಿನ ಗುಳ್ಳೆ ಒಡೆದು, ರಸ ತೆಗೆದುಕೊಂಡು ಪಕ್ಕದ ಊರಿಗೆ ಹೋಗುತ್ತಾರೆ. ಮಗು ಕಿರುಚುತ್ತೆ. ತಾಯಂದಿರು ಲಸಿಕೆ ಹಾಕುವವರನ್ನು ಕಂಡರೆ ಮಕ್ಕಳನ್ನ ಬಚ್ಚಿಡುತ್ತಿದ್ದರು ಅಂತ ಆ ಕಾಲದ ವರದಿಗಳು ಮತ್ತೆ ಮತ್ತೆ ದೂರುತ್ತವೆ. ಅದನ್ನ ಮೌಢ್ಯ ಅಂತ ಬರೆದಿಟ್ಟರು. ಒಂದಷ್ಟು ಮೌಢ್ಯ ಇತ್ತು, ಜಾತಿಯ ಅಸಹ್ಯವೂ ಇತ್ತು. ಆದರೆ ಪೂರ್ತಿ ಅದೇ ಅಲ್ಲ. ಇಟಲಿಯ ರಿವಾಲ್ಟಾ ಅನ್ನೋ ಊರಲ್ಲಿ 1861ರಲ್ಲಿ ಹೀಗೆ ತೋಳಿನಿಂದ ತೋಳಿಗೆ ಹಾಕಿದ ಲಸಿಕೆಯಿಂದ ಹತ್ತಾರು ಮಕ್ಕಳಿಗೆ ಸಿಫಿಲಿಸ್ ಅಂಟಿತ್ತು. ತಾಯಂದಿರ ಭಯದಲ್ಲಿ ಹುರುಳಿತ್ತು. ಕೊನೆಗೆ ಆ ಪದ್ಧತಿಯನ್ನೇ ಬಿಟ್ಟು, ಕರುಗಳ ಮೈಮೇಲೆ ಲಸಿಕೆ ಬೆಳೆಸುವ ವ್ಯವಸ್ಥೆ ಬಂತು. ಬೆಳಗಾವಿಯ ಟಿಳಕವಾಡಿಯಲ್ಲಿ ಇವತ್ತು ಜನ ವಾಕಿಂಗ್ ಹೋಗುವ 'ವ್ಯಾಕ್ಸಿನ್ ಡಿಪೋ' ಮೈದಾನಕ್ಕೆ ಆ ಹೆಸರು ಬಂದದ್ದು ಅಂಥದ್ದೊಂದು ಸಂಸ್ಥೆಯಿಂದ.

ಮಾಯಕೊಂಡ ಆಗ ಮೈಸೂರು ಸೀಮೆಗೆ ಸೇರಿತ್ತು. ಮೈಸೂರಿನಲ್ಲಿ ಲಸಿಕೆ ಹಬ್ಬಿಸಲು ಸರ್ಕಾರ ಹಿಡಿದವರಲ್ಲಿ ಒಬ್ಬ ಫ್ರೆಂಚ್ ಪಾದ್ರಿ, ಅಬ್ಬೆ ದುಬ್ವಾ. 1803-04ರಲ್ಲಿ ಆತ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದ ಅಂತ ದಾಖಲೆ ಹೇಳುತ್ತೆ. ಆದರೆ ಪಾದ್ರಿಗಿಂತ ಹೆಚ್ಚು ಕೆಲಸ ಮಾಡಿದ್ದು ಬಹುಶಃ ಅರಮನೆಯ ಹೆಂಗಸರು.

ಐರಿಷ್ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದದ್ದು ಎನ್ನಲಾದ ಒಂದು ಚಿತ್ರ ಇದೆ. ಮೂವರು ಹೆಂಗಸರು, ಮೈತುಂಬ ಒಡವೆ. ಬಹಳ ಕಾಲ ಇವರನ್ನು ನರ್ತಕಿಯರು ಅಂತ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ವಾದ ಮುಂದಿಟ್ಟರು: ಇವರು ಮೈಸೂರಿನ ರಾಣಿಯರು. ಮಧ್ಯದಲ್ಲಿರುವವರು ಲಕ್ಷ್ಮಮ್ಮಣ್ಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ. ಬಲಗಡೆ ಇರುವ ಹುಡುಗಿ ಹೊಸದಾಗಿ ಬಂದ ರಾಣಿ ದೇವಾಜಮ್ಮಣ್ಣಿ. ಅವಳು ಸೆರಗು ಸರಿಸಿ ಎಡತೋಳು ತೋರಿಸುತ್ತಿದ್ದಾಳೆ. ಲಸಿಕೆ ಹಾಕುವ ಜಾಗ ಅದು. ಎಡಗಡೆಯ ಹಿರಿಯ ರಾಣಿಯ ಮೂಗು ಬಾಯಿಯ ಸುತ್ತ ಬಣ್ಣಗೆಟ್ಟ ಗುರುತಿದೆ. ಅದು ಸಿಡುಬಿನ ಪುಡಿಯನ್ನೇ ಮೂಗಿನಿಂದ ಎಳೆದುಕೊಳ್ಳುವ ಹಳೆಯ, ಹೆಚ್ಚು ಅಪಾಯದ ಪದ್ಧತಿಯ ಗುರುತು ಅನ್ನೋದು ಅವರ ಊಹೆ. ಚಿತ್ರದ ಬಗ್ಗೆ ವಾದ ಇರಬಹುದು. ಆದರೆ ರಾಣಿಗೆ ಲಸಿಕೆ ಹಾಕಿಸಿದ್ದು, ಅದನ್ನು ಕೇಳಿ ಜನ ಮುಂದೆ ಬಂದದ್ದು 1806ರ ಕಾಗದಪತ್ರದಲ್ಲಿದೆ.

ಟಿಪ್ಪು ಸತ್ತ ಮೇಲೆ ಆಗಷ್ಟೇ ಮರಳಿ ಸಿಂಹಾಸನ ಸಿಕ್ಕಿದ್ದ ಮನೆತನ ಅದು. ಇಡೀ ವಂಶದ ಆಸೆ ಆ ಹುಡುಗ ಹುಡುಗಿಯ ಮೇಲಿತ್ತು. ಅಂಥ ಹುಡುಗಿಯ ತೋಳನ್ನ ಅಜ್ಜಿ ಮುಂದೊಡ್ಡಿಸಿದಳು. ಕಳೆದುಕೊಳ್ಳೋಕೆ ಏನಾದರೂ ಇರುವವರು ಮೊದಲು ತಮ್ಮ ಮನೆಯಲ್ಲಿ ಹಾಕಿಸಿದರೆ ಜನ ನಂಬುತ್ತಾರೆ. ಇನ್ನೂರು ವರ್ಷದ ಹಿಂದೆಯೂ ಹಾಗೇ, ಈಗಲೂ ಹಾಗೇ. ನಾವು ಡಾಕ್ಟರನ್ನ ಕೊನೆಗೆ ಕೇಳೋ ಪ್ರಶ್ನೆ ಏನು? "ಸಾರ್, ನಿಮ್ಮ ಮಗು ಆಗಿದ್ರೆ ಹಾಕಿಸ್ತಿದ್ರಾ?"

*

ಮಾಯಕೊಂಡದ ಅಜ್ಜಿಗೆ ಇನ್ನೊಂದು ನೆನಪಿದೆ. ಅದು ಅವರದ್ದಲ್ಲ, ಅವರ ಅತ್ತೆ ಹೇಳಿದ್ದು. ಇಲಿ ಬಿದ್ದರೆ ಊರು ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಪ್ಲೇಗು.

ಪ್ಲೇಗು ಈ ಸೀಮೆಗೆ ಬಂದಿದ್ದು ರೈಲಿನಲ್ಲಿ. 1896ರಲ್ಲಿ ಬೊಂಬಾಯಿಗೆ ಬಂತು. 1898ರಲ್ಲಿ ಹುಬ್ಬಳ್ಳಿಯನ್ನ ಹಿಡಿಯಿತು. ಹುಬ್ಬಳ್ಳಿ ಅಂದ್ರೆ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಇದ್ದ ಊರು. ಅಲ್ಲಿಂದ ಹೊರಟ ಲೈನ್ ಹರಿಹರದ ಹತ್ತಿರ ತುಂಗಭದ್ರೆ ದಾಟಿ, ದಾವಣಗೆರೆ, ಮಾಯಕೊಂಡ, ಬೀರೂರು, ಅರಸೀಕೆರೆ, ತುಮಕೂರು ಅಂತ ಬೆಂಗಳೂರಿಗೆ ಬರುತ್ತೆ. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಬಂದದ್ದು ಹುಬ್ಬಳ್ಳಿ ಕಡೆಯಿಂದ, ಇದೇ ಹಳಿಯ ಮೇಲೆ. ನಾನು ಶನಿವಾರ ಕಿಟಕಿ ಪಕ್ಕ ಕೂತು ಬಂದ ಹಳಿ.

ಬಸವನಗುಡಿ, ಮಲ್ಲೇಶ್ವರದಲ್ಲಿ ಮನೆ ಬಾಡಿಗೆ ಕಟ್ಟುವ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ, ಆ ಬಡಾವಣೆಗಳು ತುಂಬಿಕೊಂಡದ್ದೇ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟ ಜನರಿಂದ. ಆ ಹೊತ್ತಿನಲ್ಲಿ ಬೆಂಗಳೂರಲ್ಲಿ ಪ್ರಾಣದ ಹಂಗು ತೊರೆದು ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಈಳವ ಜಾತಿ ಅನ್ನೋ ಕಾರಣಕ್ಕೆ ತಿರುವಾಂಕೂರು ಅವರಿಗೆ ಕೆಲಸ ಕೊಟ್ಟಿರಲಿಲ್ಲ, ಮೈಸೂರು ಕೊಟ್ಟಿತ್ತು. ಇಲ್ಲಿನ ಲಸಿಕೆ ತಯಾರಿಕೆಯ ಕೆಲಸವನ್ನೂ ಅವರು ನೋಡಿಕೊಂಡಿದ್ದರು.

ಪ್ಲೇಗಿಗೆ ಲಸಿಕೆ ಮಾಡಿದವನು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದ ಯಹೂದಿ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವನು. ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಜ್ವರ ಬಂತು, ಚುಚ್ಚಿದ ಜಾಗದಲ್ಲಿ ನೋವಾಯಿತು. ಅದನ್ನೆಲ್ಲ ಬರೆದಿಟ್ಟ. ಆಮೇಲೆ ಬೇರೆಯವರಿಗೆ.

ಹುಬ್ಬಳ್ಳಿಯಲ್ಲಿ 1898ರಲ್ಲಿ ನಡೆದದ್ದು ಆ ಲಸಿಕೆಯ ದೊಡ್ಡ ಪರೀಕ್ಷೆಗಳಲ್ಲಿ ಒಂದು. ಲ್ಯೂಮನ್ ಅನ್ನೋ ಸರ್ಕಾರಿ ಡಾಕ್ಟರ್ ಮತ್ತು ಅವರ ಜೊತೆಗಾರರು ಕೆಲವೇ ತಿಂಗಳಲ್ಲಿ ಆ ಊರಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಆಗ ಹುಬ್ಬಳ್ಳಿಯ ಜನಸಂಖ್ಯೆಯೇ ಸುಮಾರು ಐವತ್ತು ಸಾವಿರ. ಡೋಸ್ ಆದ ಮೇಲೆ ಒಂದೆರಡು ದಿನ ಜ್ವರ, ತೋಳು ಎತ್ತೋಕಾಗದಷ್ಟು ಊತ. ದಿನಗೂಲಿಯವರಿಗೆ ಅದು ಎರಡು ದಿನದ ಊಟ ಹೋದಂತೆ. ಆದರೂ ಜನ ಬಂದರು.

ಯಾಕೆ ಬಂದರು? ಎರಡು ಕಾರಣ. ಒಂದು, ಪಕ್ಕದ ಮನೆಯಲ್ಲಿ ಹೆಣ ಬೀಳುತ್ತಿತ್ತು. ಹಾಕಿಸಿಕೊಂಡವರು ಕಡಿಮೆ ಸಾಯುತ್ತಿದ್ದಾರೆ ಅಂತ ಕಣ್ಣಿಗೇ ಕಾಣುತ್ತಿತ್ತು. ಇನ್ನೊಂದು ಕಾರಣ ಅಷ್ಟು ಚೆಂದದ್ದಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಕೈಯಲ್ಲಿ ಹಿಡಿದು ಅಧಿಕಾರಿಗಳು ಮನೆ ನುಗ್ಗುತ್ತಿದ್ದರು, ಕಾಯಿಲೆಯವರನ್ನು ಎಳೆದೊಯ್ಯುತ್ತಿದ್ದರು, ಉಳಿದವರನ್ನು ಕ್ಯಾಂಪಿಗೆ ಹಾಕುತ್ತಿದ್ದರು. ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಇದರಿಂದ ವಿನಾಯಿತಿ. ಲಸಿಕೆ ಕಡ್ಡಾಯ ಅಲ್ಲ ಅಂತ ಸರ್ಕಾರ ಹೇಳುತ್ತಿತ್ತು. ಆದರೆ ಹಾಕಿಸಿಕೊಳ್ಳದಿದ್ದರೆ ಬದುಕು ಕಷ್ಟ ಮಾಡುತ್ತಿತ್ತು. 2021ರಲ್ಲಿ ಮಾಲ್ ಬಾಗಿಲಲ್ಲಿ ಮೊಬೈಲ್ ತೆಗೆದು ಸರ್ಟಿಫಿಕೇಟ್ ತೋರಿಸಿದ ನಮಗೆ ಇದು ಹೊಸದೇನಲ್ಲ. ಕಾಯ್ದೆ ಕೂಡ ಅದೇ. 1897ರದ್ದನ್ನೇ 2020ರಲ್ಲಿ ಹೊರತೆಗೆದರು.

ಬಲವಂತ ಹೆಚ್ಚಾದಲ್ಲಿ ಜನ ತಿರುಗಿಬಿದ್ದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು. ನಮ್ಮ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲೇ ಪ್ಲೇಗ್ ನಿಯಮಗಳ ವಿರುದ್ಧ ಗಲಭೆಯಾಯಿತು. ಮುಂದೆ ಇಂಡಿಯನ್ ಪ್ಲೇಗ್ ಕಮಿಷನ್ ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಹಾಫ್‌ಕಿನ್ ಲಸಿಕೆ ಪೂರ್ತಿ ರಕ್ಷಣೆ ಕೊಡಲ್ಲ, ಅಂಕಿ ಅಂಶಗಳಲ್ಲೂ ದೋಷ ಇವೆ, ಆದರೆ ರೋಗ ತಗುಲೋದನ್ನ ಮತ್ತು ಸಾವನ್ನ ಅದು ನಿಜವಾಗಿ ಕಡಿಮೆ ಮಾಡುತ್ತೆ. ನನಗೆ ಇಷ್ಟವಾದದ್ದು ಈ ಧಾಟಿ. ಅಮೃತ ಅಂತಲೂ ಹೇಳಲಿಲ್ಲ, ವಿಷ ಅಂತಲೂ ಹೇಳಲಿಲ್ಲ.

*

ಈಗ ಕೆಟ್ಟ ಸುದ್ದಿ. ಇದನ್ನ ಬಿಟ್ಟು ಬರೆದರೆ ನಾನೂ ಫಾರ್ವರ್ಡ್ ಮಾಡಿದ ಹಾಗೇ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಅನ್ನೋ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯು ಆಗಿ ಸತ್ತರು. ಆ ಹತ್ತೊಂಬತ್ತೂ ಜನಕ್ಕೆ ಲಸಿಕೆ ಬಂದದ್ದು ಒಂದೇ ಬಾಟಲಿಯಿಂದ. ಸರ್ಕಾರ ಹಾಫ್‌ಕಿನ್ ಪ್ರಯೋಗಾಲಯದ ಮೇಲೆ ತಪ್ಪು ಹೊರಿಸಿ ಅವನನ್ನು ಕೆಲಸದಿಂದ ದೂರ ಇಟ್ಟಿತು. ಆಮೇಲೆ ಗೊತ್ತಾದದ್ದು ಬೇರೆ. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನ ಸರಿಯಾಗಿ ಶುದ್ಧ ಮಾಡದೆ ಬಳಸಿದ್ದ. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮುಂತಾದವರು ಪತ್ರಿಕೆಯಲ್ಲಿ ಬರೆದು ಜಗಳ ಮಾಡಿದ ಮೇಲೆ, 1907ರಲ್ಲಿ ಹಾಫ್‌ಕಿನ್ ಮೇಲಿನ ಆರೋಪ ಹೋಯಿತು. ಬೊಂಬಾಯಿಯ ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವನದೇ ಹೆಸರಿಟ್ಟರು.

ಆ ಹತ್ತೊಂಬತ್ತು ಮನೆಗಳಿಗೆ ಇದರಿಂದ ಏನೂ ಸಿಗಲಿಲ್ಲ, ನಿಜ. ಆದರೆ ಅದರಿಂದ ಕಲಿತದ್ದು ನಮ್ಮ ಮಗಳ ತೊಡೆಯ ತನಕ ಬಂದಿದೆ. ಪ್ರತಿ ಮಗುವಿಗೂ ಹೊಸ ಸಿರಿಂಜ್, ಒಮ್ಮೆ ಬಳಸಿದ ಮೇಲೆ ಮತ್ತೆ ಎಳೆಯಲಾಗದಂತೆ ಲಾಕ್ ಆಗುವಂಥದ್ದು. ಬಾಟಲಿಯ ಮೇಲೆ ಬಿಸಿಯಾದರೆ ಬಣ್ಣ ಬದಲಾಗುವ ಗುರುತು. ಅನಾಹುತ ಆದರೆ ಬ್ಯಾಚ್ ನಂಬರ್ ಹಿಡಿದು ತನಿಖೆ.

*

ಹೆಂಡತಿಯ ಪ್ರಶ್ನೆಗೆ ಬರೋಣ. ಮಗಳಿಗೆ ಹಾಕಿದ್ದು ಪೆಂಟಾವೇಲೆಂಟ್. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್, ಐದಕ್ಕೂ ಒಂದೇ ಸೂಜಿ. ಜ್ವರಕ್ಕೆ ಮುಖ್ಯ ಕಾರಣ ಅದರಲ್ಲಿರುವ ನಾಯಿಕೆಮ್ಮಿನ ಭಾಗ. ಸತ್ತ ಬ್ಯಾಕ್ಟೀರಿಯಾವನ್ನ ಇಡಿಯಾಗಿ ಹಾಕಿರುತ್ತಾರೆ, ಮೈ ಅದಕ್ಕೆ ಜೋರಾಗಿ ಪ್ರತಿಕ್ರಿಯೆ ಕೊಡುತ್ತೆ.

ಇದೇ ಜ್ವರಕ್ಕೆ ಹೆದರಿ ಒಂದು ಇಡೀ ದೇಶ ಹಿಂದೆ ಸರಿದ ಕಥೆ ಇದೆ. ಜಪಾನ್. ಅಲ್ಲಿ 1974ರಲ್ಲಿ ನಾಯಿಕೆಮ್ಮಿನ ಪ್ರಕರಣಗಳು ಬರೀ 393, ಒಂದೂ ಸಾವಿಲ್ಲ. ಕಾಯಿಲೆ ಹೋದಂತೆಯೇ ಲೆಕ್ಕ. ಆ ಚಳಿಗಾಲದಲ್ಲಿ ಲಸಿಕೆ ಹಾಕಿದ ಮೇಲೆ ಇಬ್ಬರು ಕೂಸುಗಳು ತೀರಿಕೊಂಡವು. ಪೇಪರ್, ಟೀವಿ ತುಂಬ ಅದೇ. ಸರ್ಕಾರ ಲಸಿಕೆ ನಿಲ್ಲಿಸಿತು, ಆಮೇಲೆ ಎರಡು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಅಂದಿತು. ತಂದೆತಾಯಂದಿರು ಹಾಕಿಸೋದನ್ನೇ ಬಿಟ್ಟರು. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಬಿಡುತ್ತಿದ್ದೆನೇನೋ. 1979ರ ಹೊತ್ತಿಗೆ ಒಂದೇ ವರ್ಷದಲ್ಲಿ ಹದಿಮೂರು ಸಾವಿರ ಪ್ರಕರಣ, 41 ಸಾವು.

ಕಥೆ ಅಲ್ಲಿಗೆ ಮುಗಿಯಲ್ಲ. ಅದೇ ಜಪಾನ್ ಬ್ಯಾಕ್ಟೀರಿಯಾದ ಬೇಕಾದ ತುಣುಕುಗಳನ್ನಷ್ಟೇ ಇಟ್ಟು, ಜ್ವರ ಕಡಿಮೆ ಬರುವ ಹೊಸ ಲಸಿಕೆ ಮಾಡಿ 1981ರಲ್ಲಿ ಬಳಕೆಗೆ ತಂದಿತು. ನಮ್ಮ ಗ್ರೂಪಿನಲ್ಲಿ 'ಪೇನ್‌ಲೆಸ್' ಅಂತ ಹೇಳಿದರಲ್ಲ, ಅದರ ಮೂಲ ಇದು. ಅದೂ ಒಳ್ಳೆಯ ಲಸಿಕೆಯೇ, ಹಾಕಿಸಬಹುದು. ಆದರೆ ಅದರ ರಕ್ಷಣೆ ಬೇಗ ಇಳಿಯುತ್ತೆ ಅಂತ ಆಮೇಲೆ ಗೊತ್ತಾಗಿದೆ. ಅಂದ್ರೆ ಆ ತಂದೆತಾಯಂದಿರ ಭಯದಿಂದ ನಲವತ್ತೊಂದು ಜೀವವೂ ಹೋಯಿತು, ಉತ್ತಮ ಲಸಿಕೆಯೊಂದೂ ಬಂತು. ಭಯವನ್ನು ಬೈದು ಪ್ರಯೋಜನ ಇಲ್ಲ. ಅದನ್ನ ಕೇಳಿಸಿಕೊಳ್ಳಬೇಕು, ಆದರೆ ಕೇಳಿಸಿಕೊಳ್ಳುವಷ್ಟು ಹೊತ್ತು ಮಕ್ಕಳನ್ನ ಬರಿಗೈಯಲ್ಲಿ ಬಿಡಬಾರದು.

ಲಸಿಕೆ ಹಾಕುವವರು ಅಡ್ಡಪರಿಣಾಮವನ್ನು ಲೆಕ್ಕಕ್ಕೇ ತಗೊಳ್ಳಲ್ಲ ಅನ್ನೋ ಮಾತೊಂದಿದೆ. ಅಜ್ಜಿಯ ತೋಳಿನ ಗುರುತು ನನ್ನ ತೋಳಿನಲ್ಲಿ ಯಾಕಿಲ್ಲ ಹೇಳಿ? ಭಾರತದ ಕೊನೆಯ ಸಿಡುಬು ಪ್ರಕರಣ 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜ್‌ನಲ್ಲಿ ಸಿಕ್ಕಿತು. 1980ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆಯಾಯಿತು. ಸಿಡುಬಿನ ಲಸಿಕೆ ಹತ್ತು ಲಕ್ಷಕ್ಕೆ ಒಂದೆರಡು ಜೀವ ತೆಗೆಯುತ್ತಿತ್ತು. ರೋಗ ಇದ್ದಾಗ ಆ ಬೆಲೆ ಕೊಡಬೇಕಿತ್ತು, ರೋಗ ಹೋದ ಮೇಲೆ ಯಾಕೆ ಕೊಡಬೇಕು? ನಿಲ್ಲಿಸಿದರು. ಪೋಲಿಯೋದಲ್ಲೂ ಅಷ್ಟೇ. ಬಾಯಿಗೆ ಹಾಕುವ ಹನಿಯಿಂದಲೇ ಲಕ್ಷಾಂತರದಲ್ಲಿ ಒಂದು ಮಗುವಿಗೆ ಪೋಲಿಯೋ ಬರುತ್ತೆ ಅನ್ನೋದು ಗೊತ್ತಿತ್ತು. ಎರಡನೇ ಬಗೆಯ ವೈರಸ್ ಪ್ರಕೃತಿಯಲ್ಲಿ ಮುಗಿದ ಮೇಲೆ, 2016ರ ಏಪ್ರಿಲ್‌ನಲ್ಲಿ ಆ ಭಾಗವನ್ನ ಹನಿಯಿಂದ ತೆಗೆದರು. ಅದಕ್ಕೆ ಸ್ವಲ್ಪ ಮುಂಚೆ ಸತ್ತ ವೈರಸ್‌ನ ಇಂಜೆಕ್ಷನ್ ಸೇರಿಸಿದ್ದರು. ನಾವು ಜಗುಲಿ ಮೇಲೆ ಕೂತು ತೂಗುವುದನ್ನೇ ಅವರೂ ತೂಗುತ್ತಿರುತ್ತಾರೆ. ಅವರ ತಕ್ಕಡಿಯಲ್ಲಿ ಎರಡೂ ತಟ್ಟೆ ಕಾಣುತ್ತೆ, ಅಷ್ಟೇ ವ್ಯತ್ಯಾಸ.

ನಮ್ಮ ತಲೆಮಾರಿಗೆ ಒಂದೇ ತಟ್ಟೆ ಕಾಣೋದು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದ ತನಕದ ಎಲ್ಲ ಮಕ್ಕಳಿಗೆ, ಶಾಲೆಗಳಲ್ಲೇ. ವಾಟ್ಸ್ಯಾಪ್‌ನಲ್ಲಿ ವದಂತಿ ಹರಿದಾಡಿ, ಎಷ್ಟೋ ಅಪ್ಪ ಅಮ್ಮಂದಿರು ಆ ದಿನ ಮಕ್ಕಳನ್ನ ಶಾಲೆಗೇ ಕಳಿಸಲಿಲ್ಲ. ಹಿಂಜರಿದವರಲ್ಲಿ ಓದಿದವರು, ಊರು ಕಂಡವರು, ನಮ್ಮಂಥವರೇ ಇದ್ದರು. ದಡಾರ ಅಂದ್ರೆ ಮೈಮೇಲೆ ಕೆಂಪು ಗುಳ್ಳೆ, ಬೇವಿನ ಸೊಪ್ಪು, ಒಂದು ವಾರ ರಜ ಅಂತ ನಮ್ಮ ನೆನಪು. ಲಸಿಕೆ ವ್ಯಾಪಕವಾಗುವ ಮುಂಚೆ ಜಗತ್ತಿನಲ್ಲಿ ಅದು ವರ್ಷಕ್ಕೆ 26 ಲಕ್ಷ ಜನರನ್ನು ಕೊಲ್ಲುತ್ತಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎಲ್ಲರ ಮನೆಯಲ್ಲೂ ಲಸಿಕೆ ಹಾಕಿಸಿದ್ದರಿಂದಲೇ ಅದು ನಮಗೆ ರಜದ ಕಾಯಿಲೆ ಆಗಿ ಕಂಡದ್ದು.

ಇಷ್ಟೆಲ್ಲ ಹೇಳಿ ಬಲವಂತ ಮಾಡಿ ಅಂತ ನಾನು ಹೇಳುತ್ತಿಲ್ಲ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಕೋವಿಡ್ ಲಸಿಕೆಯ ಪ್ರಕರಣದಲ್ಲಿ ಎರಡು ಮಾತು ಹೇಳಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಅಡ್ಡಪರಿಣಾಮದ ಮಾಹಿತಿಯನ್ನ ಜನರ ಮುಂದೆ ಇಡಬೇಕು. ಹುಬ್ಬಳ್ಳಿ, ಗಂಜಾಂ ಕಥೆ ಓದಿದ ಮೇಲೆ ನನಗೆ ಆ ಎರಡನೇ ಮಾತು ಮೊದಲನೆಯದಕ್ಕಿಂತ ಮುಖ್ಯ ಅನಿಸಿದೆ. ಏನಾಗುತ್ತೆ ಅಂತ ಮೊದಲೇ ಹೇಳಿದರೆ ಜನ ಜ್ವರವನ್ನ ತಡೆದುಕೊಳ್ಳುತ್ತಾರೆ. ಹೇಳದೆ ಇದ್ದರೆ ಒಂದು ಫಾರ್ವರ್ಡ್ ಸಾಕು.

*

ಗುರುವಾರ ಬೆಳಿಗ್ಗೆ ಹೋದೆವು. ರಜ ಹಾಕಿ ನಾನೂ ಉಳಿದಿದ್ದೆ. ಹತ್ತು ಹನ್ನೆರಡು ತಾಯಂದಿರು, ಬೆಂಚಿನ ಮೇಲೆ ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿ, ಒಬ್ಬ ಸಿಸ್ಟರ್. ಹೆಂಡತಿ ಹೋದ ಸಲದ ರಾತ್ರಿಯ ಕಥೆ ಪೂರ್ತಿ ಹೇಳಿದಳು. ಸಿಸ್ಟರ್ ಕೈ ಕೆಲಸ ನಿಲ್ಲಿಸಿ ಕೇಳಿಸಿಕೊಂಡರು. ಎಷ್ಟು ಹೊತ್ತು ಅತ್ತಿತು, ಫಿಟ್ಸ್ ಬಂದಿತ್ತಾ, ಹಾಲು ಕುಡೀತಾ ಅಂತ ಮೂರು ಪ್ರಶ್ನೆ ಕೇಳಿದರು. ಆಮೇಲೆ ಹೇಳಿದರು: "ಈ ಸಲಾನೂ ಜ್ವರ ಬರುತ್ತೆ, ಹೆದರಬೇಡಿ. ಸಿರಪ್ ತೂಕ ನೋಡಿ ಬರೆದು ಕೊಡ್ತೀನಿ. ಮೂರು ಗಂಟೆ ಮೀರಿ ಅಳು ನಿಲ್ಲದಿದ್ರೆ, ಫಿಟ್ಸ್ ಬಂದ್ರೆ, ಮಂಕಾಗಿ ಹಾಲು ಬಿಟ್ರೆ ತಕ್ಷಣ ಕರ್ಕೊಂಡು ಬನ್ನಿ. ಈಗ ಅರ್ಧ ಗಂಟೆ ಇಲ್ಲೇ ಕೂತಿರಿ."

ಆ ಅರ್ಧ ಗಂಟೆ ಯಾಕೆ ಅಂತ ನನಗೆ ಗೊತ್ತಿತ್ತು. ಹತ್ತು ಲಕ್ಷ ಡೋಸಿಗೆ ಸುಮಾರು ಒಂದರಲ್ಲಿ ತೀವ್ರ ಅಲರ್ಜಿ ಆಗುತ್ತೆ, ಆಗೋದಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ. ಅದಕ್ಕೆ ಬೇಕಾದ ಇಂಜೆಕ್ಷನ್ ಕಿಟ್ ಅವರ ಮೇಜಿನ ಮೇಲಿತ್ತು. ನಾನು ಗಡಿಯಾರ ನೋಡುತ್ತಾ ಕೂತೆ. ದೂರದಲ್ಲಿ ದಾವಣಗೆರೆ ಕಡೆಯಿಂದ ಬಂದ ರೈಲು ಸದ್ದು ಮಾಡುತ್ತಾ ಹೋಯಿತು.

ರಾತ್ರಿ ಜ್ವರ ಬಂತು, 100.5. ಮಗು ಅತ್ತಿತು, ಹೋದ ಸಲಕ್ಕಿಂತ ಕಡಿಮೆ. ಹೆಂಡತಿ ಸಿರಪ್ ಹಾಕಿದಳು. ಅಜ್ಜಿ ಎದ್ದು ಬಂದು ಮರಿಮಗಳನ್ನ ಎತ್ತಿಕೊಂಡು ಪಡಸಾಲೆಯಲ್ಲಿ ಓಡಾಡಿಸಿದರು. ಮಗುವಿನ ತಲೆ ಇದ್ದದ್ದು ಸರಿಯಾಗಿ ಆ ಎರಡು ಗುಂಡು ಗುರುತಿನ ಮೇಲೆ.

"ಒಂದಿನದ್ದು ಬಿಡವ್ವ" ಅಂದರು ಅಜ್ಜಿ, ಹೆಂಡತಿಯ ಕಡೆ ತಿರುಗಿ. "ನಾಳೆಗೆ ಇಳೀತದೆ."

ಇಳಿಯಿತು.